ಪ್ರಲಾಪದ ಜಾಗ

"ಗುರುಗಳೇ, ಶಾಸ್ತ್ರದಲ್ಲಿ ಪ್ರಲಾಪವೆಂಬ ಗ್ರಂಥವನ್ನು ಪ್ರವಾದಿಗಳ ಗ್ರಂಥಗಳ ಜೊತೆ ಸೇರಿಸದೆ ಆಚೆ ಇಟ್ಟಿದ್ದಾರಲ್ಲ, ಏಕೆ?" ಎಂದು ಸಾದ್ಯ ಕೇಳಿದ.

ಯೆಮನ್ ದೇಶದ ಒಂದು ಬೆಟ್ಟದೂರಿನಲ್ಲಿ ರಬ್ಬಿ ಯಿಹ್ಯಾ ಎಂಬ ಯೆಹೂದಿ ಗುರುವಿನ ಬಳಿ ಅವನು ಬಹುಕಾಲದಿಂದ ಓದುತ್ತಿದ್ದ. ಈಚೆಗೆ ಅವನ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಶೋಕದ ದಿನಗಳಲ್ಲಿ ಶಾಸ್ತ್ರದ ದುಃಖದ ಭಾಗಗಳನ್ನು ಮಾತ್ರ ಓದಬಹುದು ಎಂಬುದು ಅವರಲ್ಲಿ ಪದ್ಧತಿ. ಸಾದ್ಯ ನೆಲದ ಮೇಲೆ ಕುಳಿತು ಅವನ್ನೇ ಮತ್ತೆ ಮತ್ತೆ ಓದಿದ್ದ. ಮಾತಾಡಿಸಲು ಬಂದ ನೆಂಟರು, ನೀನು ಯಾವುದೋ ವಿಧಿ ಮೀರಿರಬೇಕು, ನೆನಪು ಮಾಡಿಕೋ ಎಂದು ಹೇಳಿ ಹೋಗಿದ್ದರು. ಅವನು ನೆನಪು ಮಾಡಿಕೊಳ್ಳಲು ನೋಡಿದ. ಅಂಥದ್ದೇನೂ ಹೊಳೆಯಲಿಲ್ಲ.

"ಬಿಡಿಸಿ ಕೇಳು" ಎಂದರು ಗುರು.

"ನಮ್ಮ ಶಾಸ್ತ್ರಕ್ಕೆ ಮೂರು ಭಾಗ. ಮೊದಲು ತೋರಾ, ದೇವರು ಕೊಟ್ಟ ವಿಧಿ. ಆಮೇಲೆ ಪ್ರವಾದಿಗಳು, ವಿಧಿ ಮೀರಬೇಡಿ ಎಂದು ದೇವರ ಹೆಸರಿನಲ್ಲಿ ಎಚ್ಚರಿಸಿದವರು. ಕೊನೆಗೆ ಬರಹಗಳು, ಅವುಗಳಲ್ಲಿ ಕೀರ್ತನೆಯೂ ಇದೆ, ಗೋಳೂ ಇದೆ. ನಮ್ಮ ಪವಿತ್ರ ನಗರ ಯೆರೂಸಲೇಮ್ ಶತ್ರುಗಳ ಕೈಗೆ ಬೀಳುವುದನ್ನು ಕಣ್ಣಾರೆ ಕಂಡ ಪ್ರವಾದಿಯೇ ಪ್ರಲಾಪವನ್ನೂ ಹಾಡಿದ ಎನ್ನುತ್ತಾರೆ ಹಿರಿಯರು. ಅವನು ಕೊಟ್ಟ ಎಚ್ಚರಿಕೆ ಎರಡನೆಯ ಭಾಗದಲ್ಲಿದೆ. ಅವನು ಅತ್ತದ್ದು ಮೂರನೆಯದರಲ್ಲಿದೆ. ಒಬ್ಬನ ಬಾಯಿಂದ ಬಂದದ್ದನ್ನು ಹೀಗೇಕೆ ಒಡೆದರು?"

ಗುರು ಒಂದು ಕತೆ ಹೇಳತೊಡಗಿದರು.

ಒಬ್ಬ ವರ್ತಕ ಬರಡು ಕಣಿವೆಯೊಂದಕ್ಕೆ ಅಡ್ಡಲಾಗಿ ಏರಿ ಹಾಕಿಸಿ ಕೆರೆ ಕಟ್ಟಿಸಿದ. ಏರಿಯ ಕೆಳಗೆ ಜನರಿಗೆ ನೆಲ ಕೊಟ್ಟ. ಏರಿಯ ಮೇಲೆ ಒಂದು ಕಲ್ಲು ನೆಡಿಸಿ, ಇಲ್ಲಿಯ ಮಣ್ಣು ಅಗೆಯಬೇಡಿ, ಹೆಚ್ಚಿನ ನೀರು ಹರಿದುಹೋಗುವ ಕೋಡಿಯನ್ನು ಮುಚ್ಚಬೇಡಿ ಎಂದು ಕೆತ್ತಿಸಿದ.

ಜನ ಕೆಲವು ಕಾಲ ಹಾಗೆಯೇ ನಡೆದುಕೊಂಡರು. ಬೆಳೆ ಹೆಚ್ಚಿತು, ಆಸೆಯೂ ಹೆಚ್ಚಿತು. ಹರಿದುಹೋಗುವ ನೀರು ನಮ್ಮದೇ ಅಲ್ಲವೇ ಎಂದು ರೈತರು ಕೋಡಿಗೆ ಬಂಡೆ ಜೋಡಿಸಿದರು. ಸುದ್ದಿ ತಿಳಿದು ವರ್ತಕ ಒಬ್ಬ ಆಳನ್ನು ಕಳಿಸಿದ. ರೈತರು ಅವನನ್ನು ನೋಡಿ ನಕ್ಕರು. ಇನ್ನೊಬ್ಬನನ್ನು ಕಳಿಸಿದ. ಅವನನ್ನು ಹೊಡೆದು ಅಟ್ಟಿದರು. ಆಳುಗಳು ಕೊಟ್ಟ ಎಚ್ಚರಿಕೆಯನ್ನೂ ವರ್ತಕ ಅದೇ ಕಲ್ಲಿನ ಮೇಲೆ ಕೆತ್ತಿಸಿದ. ಯಾರೂ ಅದನ್ನು ಓದಲು ಏರಿ ಹತ್ತಲಿಲ್ಲ.

ಮಳೆಗಾಲದಲ್ಲಿ ಏರಿ ಒಡೆಯಿತು. ಕಲ್ಲು ನಿಂತಿದ್ದ ತುದಿ ಮಾತ್ರ ಉಳಿಯಿತು.

ಆ ಊರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಅವಳಿಗೆ ಹೊಲವಿರಲಿಲ್ಲ, ನೀರಿನ ಪಾಲೂ ಇರಲಿಲ್ಲ. ನೀರು ನುಗ್ಗಿದಾಗ ಅವಳು ದಿಬ್ಬದ ಮೇಲೆ ಮಡಕೆ ಸುಡುವ ಆವಿಗೆಗೆ ಮಳೆ ತಾಗದಂತೆ ಚಾಪೆ ಹೊದಿಸುತ್ತಿದ್ದಳು. ಇಳಿದು ಬಂದಾಗ ಮನೆ ಇರಲಿಲ್ಲ, ಒಳಗೆ ಬಿಟ್ಟುಹೋಗಿದ್ದ ಇಬ್ಬರು ಮಕ್ಕಳೂ ಇರಲಿಲ್ಲ. ಕೆಸರಿನಲ್ಲಿ ಹುಡುಕಿದಳು. ದೊಡ್ಡ ಮಗು ಸಿಕ್ಕಿತು, ಚಿಕ್ಕದು ಸಿಗಲಿಲ್ಲ. ಸಿಕ್ಕಿದ್ದನ್ನು ತೊಳೆದು ಮಣ್ಣು ಮಾಡಿದಳು. ಆ ಮಣ್ಣುಗೈಯಲ್ಲೇ ವರ್ತಕನ ಮನೆಗೆ ನಡೆದು ಹೋಗಿ ಬಾಗಿಲಲ್ಲಿ ನಿಂತು ಕೂಗಿದಳು.

ಆಳುಗಳು ಓಡಿ ಬಂದರು. "ಒಡೆಯರು ಮೊದಲೇ ಹೇಳಿರಲಿಲ್ಲವೇ? ನಮ್ಮನ್ನೂ ಕಳಿಸಿರಲಿಲ್ಲವೇ? ಈಗ ಯಾರ ಮೇಲೆ ಕೂಗಾಡುತ್ತೀ?"

"ನನ್ನ ಮಕ್ಕಳು ಕೋಡಿ ಮುಚ್ಚಿದರೇ?" ಎಂದಳು ಅವಳು. ಅಷ್ಟರಲ್ಲಿ ವರ್ತಕ ಹೊರಗೆ ಬಂದ. ಅವಳು ಅವನ ಕಡೆ ತಿರುಗಿದಳು. "ಏರಿ ಕಟ್ಟಿದವನು ನೀನು. ಅದು ಒಡೆಯುತ್ತದೆ ಎಂದು ಬಲ್ಲವನೂ ನೀನೇ. ಆಳು ಕಳಿಸಿದೆ, ಸರಿ. ನೀನು ಬಂದೆಯಾ?"

ಆಳುಗಳು ಅವಳ ರಟ್ಟೆ ಹಿಡಿದು ಎಳೆದರು. ಬಿಡಿ ಎಂದ ವರ್ತಕ. ಅವಳ ದನಿ ಕಟ್ಟುವವರೆಗೂ ಹೊಸ್ತಿಲ ಮೇಲೆ ನಿಂತು ಕೇಳಿದ. ಆಮೇಲೆ ಕಲ್ಲುಕುಟಿಗನನ್ನು ಕರೆಸಿದ. "ಏರಿಯ ಕಲ್ಲಿನಲ್ಲಿ ಮೇಲೆ ನನ್ನ ಮಾತಿದೆ. ಅದರ ಕೆಳಗೆ ಇವರು ನನ್ನ ಪರವಾಗಿ ಆಡಿದ ಮಾತಿದೆ. ಇವಳು ನನಗೆ ಹೇಳಿದ್ದನ್ನು ಅದರ ಕೆಳಗೆ ಕೆತ್ತು. ಒಂದಕ್ಷರವನ್ನೂ ಬಿಡಬೇಡ."

ಕುಟಿಗ ಕೆತ್ತಿದ. ಅವಳು ಕೊನೆಯವರೆಗೂ ಪಕ್ಕದಲ್ಲಿ ನಿಂತು ನೋಡಿದಳು. ಆಮೇಲೆ ಊರಿದ್ದ ಕಡೆಗೆ, ಚಿಕ್ಕ ಮಗುವನ್ನು ಹುಡುಕಲು ಹೋದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಕತೆ ಇನ್ನೂ ಇದೆ ಎಂದುಕೊಂಡು ಸಾದ್ಯ ಕಾದ.

"ವರ್ತಕ ಅವಳಿಗೆ ಏನು ಉತ್ತರ ಕೊಟ್ಟ, ಗುರುಗಳೇ?"

"ಆ ಕಲ್ಲಿನಲ್ಲಿ ಅವಳ ಮಾತಿನ ಕೆಳಗೆ ಬೇರೇನೂ ಕೆತ್ತಿಲ್ಲ. ನಮ್ಮ ಶಾಸ್ತ್ರಕ್ಕೂ ನಾಲ್ಕನೆಯ ಭಾಗವಿಲ್ಲ, ಸಾದ್ಯ."