ಬೊಗಸೆಯಲ್ಲಿ ಉಳಿದ ನೀರು

ಪೂಜ್ಯ ಗಿರಿಯವ್ವ ತಾಯಿಯವರು ಆಗ ಮಲಪ್ರಭೆಯ ದಂಡೆಯಲ್ಲಿ, ಅಗಸರು ಬಟ್ಟೆ ಒಣಹಾಕುವ ಬಯಲಿನ ಅಂಚಿಗೆ, ಜೋಳದ ದಂಟಿನ ಗುಡಿಸಲಿನಲ್ಲಿ ವಾಸವಾಗಿದ್ದರು. ಉಪದೇಶ ಮಾಡುವ ರೂಢಿ ಅವರಿಗಿರಲಿಲ್ಲ. ಸಂಜೆಯಾದರೆ ಏಕತಾರಿ ಹಿಡಿದು ಹಾಡುತ್ತಿದ್ದರು, ಅಷ್ಟೇ. ಅದನ್ನು ಕೇಳಲು ಊರಿಗೆ ಊರೇ ಹೊಳೆಗೆ ಇಳಿಯತೊಡಗಿತು.

ಇದರಿಂದ ನಿದ್ದೆಗೆಟ್ಟವರು ಊರ ಧರ್ಮಗುರು ನರಹರಿ ದೀಕ್ಷಿತರು. ಅವರ ಪ್ರವಚನಕ್ಕೆ ಈಗ ಗುಡಿಯ ಕಂಬಗಳೇ ಶ್ರೋತೃಗಳು. ಹೊಟ್ಟೆಕಿಚ್ಚನ್ನು ಹೊಟ್ಟೆಕಿಚ್ಚೆಂದು ಹೇಳಿಕೊಳ್ಳುವ ಗುರುಗಳು ಎಲ್ಲಾದರೂ ಉಂಟೇ? ದಂಡೆ ಜಾರುತ್ತದೆ, ಹೆಂಗಸರು ಮಕ್ಕಳು ಮುಗ್ಗರಿಸಿ ಬಿದ್ದಾರು, ಲೋಕಹಿತಕ್ಕಾಗಿ ತಾಯಿಯವರು ಬೇರೆ ಊರು ನೋಡಿಕೊಳ್ಳುವುದು ಲೇಸು ಎಂದು ಪಂಚರ ತಲೆ ತುಂಬಿದರು. ಪಂಚರೂ ಹೂಂಗುಟ್ಟಿದರು.

ಆದರೆ ದೀಕ್ಷಿತರ ಒಳಗಿನ ಸಂಕಟ ಬೇರೆಯೇ ಇತ್ತು. ಎಳವೆಯಲ್ಲಿ ದೇವರ ಹೆಸರು ಕೇಳಿದರೆ ಸಾಕು, ಅವರ ಕಣ್ಣು ತುಂಬುತ್ತಿತ್ತು. ಗುರುಪೀಠ ಏರಿದ ಮೇಲೆ ಅದಕ್ಕೆ ಎಳ್ಳುನೀರು ಬಿಟ್ಟಾಗಿತ್ತು. ಈಗ ಸಂಜೆಯ ಗಾಳಿ ಆ ಹಾಡನ್ನು ಮನೆಯವರೆಗೆ ಹೊತ್ತು ತಂದಾಗ ಅವರಿಗೆ ಎದ್ದು ಓಡಬೇಕೆನಿಸುತ್ತಿತ್ತು. ಅಗಸರ ನಡುವೆ ಹೋಗಿ ಕೂರುವುದು ಹೇಗೆ? ಕಿಟಕಿ ಮುಚ್ಚಿ, ಅದಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಆ ಹಾಡು ದೂರವಾದರೆ ತಮ್ಮ ಈ ಹಂಬಲವೂ ದೂರವಾದೀತೆಂಬ ಆಸೆ ಅವರದು.

ಒಂದು ಮಧ್ಯಾಹ್ನ ಪಂಚರೊಡನೆ ಬಂದು ದೀಕ್ಷಿತರು ಅಪ್ಪಣೆ ತಿಳಿಸಿದರು. ತಾಯಿಯವರು ಗೂಟದಿಂದ ಏಕತಾರಿಯನ್ನು ಇಳಿಸಿದರು. ಅಗಸಗಿತ್ತಿಯರು ಗೋಳೋ ಎಂದು ಅತ್ತರು.

"ಹೋಗ್ತೀನ್ರಿ" ಎಂದರು ತಾಯಿಯವರು. "ಮಂದಿ ಸಲುವಾಗಿ ಅಂದ್ರಿ. ಹಂಗಂತ ಹೊಳಿಯಾಗ ನಿಂತು ಸಂಕಲ್ಪ ಮಾಡಿ ನೀರು ಬಿಡ್ರಿ. ನೀವು ಬಿಟ್ಟ ಕೂಡ್ಲೆ ನಾ ಹೊಂಟೆ."

ದೀಕ್ಷಿತರಿಗೆ ಸಂಕಲ್ಪವೇನು ಹೊಸದೇ? ಹೊಳೆಗಿಳಿದು ಬೊಗಸೆ ತುಂಬಿಕೊಂಡರು. ದೇಶ, ಕಾಲ, ಗೋತ್ರ, ಹೆಸರು ಸರಾಗವಾಗಿ ಬಂದವು. 'ಲೋಕಹಿತಾರ್ಥಂ' ಎನ್ನುವ ಕಡೆ ನಾಲಿಗೆ ಹೊರಳಲಿಲ್ಲ. ಕೆಮ್ಮಿ ಮೊದಲಿನಿಂದ ಶುರುಮಾಡಿದರು. ಅಲ್ಲಿಗೇ ಬಂದು ಮತ್ತೆ ನಿಂತರು. ಪಂಚರ ಮುಂದೆ ಸಲೀಸಾಗಿ ಆಡಿದ್ದ ಮಾತು, ನೀರು ಹಿಡಿದಾಗ ಗಂಟಲು ದಾಟಲೊಲ್ಲದು. ಬೆರಳ ಸಂದಿಯಿಂದ ನೀರು ಸೋರತೊಡಗಿತು.

ತಾಯಿಯವರು ನೀರಿನಂಚಿಗೆ ಬಂದು ಅವರ ಮುಖವನ್ನೇ ನೋಡಿದರು.

"ಬಿಡಬ್ಯಾಡೋ ನನ್ನಪ್ಪಾ. ನಿನಗ ನೀರಡಿಕಿ ಆಗ್ಯಾವ. ಕುಡಿ."

ಸಂಕಲ್ಪಕ್ಕೆ ಹಿಡಿದ ನೀರನ್ನು ಯಾರೂ ಕುಡಿಯುವುದಿಲ್ಲ. ಊರಿಗೆಲ್ಲ ಶಾಸ್ತ್ರ ಹೇಳಿದ ದೀಕ್ಷಿತರು ಊರೆದುರೇ ಅದನ್ನು ಕುಡಿದರು. ಕುಡಿದು, ಹೊಳೆಯ ನಡುವೆಯೇ ಮಗುವಿನಂತೆ ಅತ್ತುಬಿಟ್ಟರು.

"ಅವ್ವಾ, ನಿಮ್ಮ ಹಾಡು ಕೇಳಬೇಕಂತ ಜೀವ ಎಳೀತಿತ್ತು. ಬರಲಿಕ್ಕೆ ಆಗಲಿಲ್ಲ. ಹೋಗಬ್ಯಾಡ್ರಿ."

ತಾಯಿಯವರು ಹೋಗಲಿಲ್ಲ. ಅಂದು ಸಂಜೆ ದೀಕ್ಷಿತರು ಅಗಸರ ಪಕ್ಕ ಉಸುಕಿನಲ್ಲಿ ಕುಳಿತು, ಎಳವೆಯಲ್ಲಿ ಕಲಿತು ಮರೆತುಹೋಗಿದ್ದ ಪಲ್ಲವಿಗಳನ್ನು ತಡವರಿಸುತ್ತ ಹಾಡಿದರು. ಆಮೇಲೆ ಒಂದು ಸಂಜೆಯೂ ತಪ್ಪಿಸಲಿಲ್ಲ. ಕೆಲವು ದಿನ ನೋಡಿದ ಪಂಚರಲ್ಲೊಬ್ಬರು, ಅವರ ಮಾನ ಉಳಿಸಲೆಂದೋ ಏನೋ, ಕೈಮುಗಿದು ಕೇಳಿದರು: "ಮಂದಿ ಜಾರಿ ಬಿದ್ದಾರಂತ ಕಾಯಲಿಕ್ಕೆ ಬರ್ತೀರೇನ್ರಿ, ಗುರುಗಳೇ?"

"ಇಲ್ಲಪಾ" ಎಂದರು ದೀಕ್ಷಿತರು. "ನನ್ನ ಸಲುವಾಗಿ ಬರ್ತೀನಿ."