ಇನ್ನಷ್ಟು ಕಾವು ಬೇಡಿದ ಏರೋಜೆಲ್

ಒಂದು ಪ್ರಯೋಗಶಾಲೆಯಲ್ಲಿ ಏರೋಜೆಲ್ ಎಂಬ ಬಿಲ್ಲೆಯಿತ್ತು. ಮರಳಿನ ವಂಶದ್ದೇ ಆದರೂ ಮೈತುಂಬ ಗಾಳಿ, ಹೊಗೆಯಷ್ಟೇ ಹಗುರ. ಕೆಳಗೆ ಉರಿಯಿದ್ದರೂ ಬೆನ್ನ ಮೇಲಿನ ಹೂ ಬಾಡದಂತೆ ಕಾಯುವುದು ಅದರ ಕೆಲಸ. ಗಾಜಿನ ಲೋಟ ಮಾತ್ರ, "ಬೆರಳು ತಾಕಿದರೆ ಪುಡಿಯಾಗುತ್ತೀಯಲ್ಲೋ!" ಎಂದು ದಿನಾ ಆಡಿಕೊಳ್ಳುತ್ತಿತ್ತು.

ಬಿಲ್ಲೆ ರೋಸಿಹೋಗಿ ಕುಲುಮೆಯಜ್ಜಿಯ ಬಳಿ ಹೋಯಿತು. "ಅಜ್ಜಿ, ನನ್ನನ್ನು ಗಟ್ಟಿ ಮಾಡು."

ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲು ಮುಚ್ಚಿ, ಐನೂರು ಡಿಗ್ರಿಯವರೆಗೆ ಮೆಲ್ಲಗೆ ಕಾಯಿಸಿದಳು. ಒಳಗಿನ ಪಸೆ ಆರಿತು, ಮೈ ತುಸು ಬಿಗಿಯಾಯಿತು.

"ಸಾಕು ಮಗಾ, ಏಳು."

"ಸಾಲದು ಅಜ್ಜಿ, ಲೋಟದಷ್ಟು ಗಟ್ಟಿಯಾಗಬೇಕು. ಸಾವಿರ ದಾಟಿಸು."

ಅಜ್ಜಿ ಬೈಯಲಿಲ್ಲ. "ಕಿಂಡಿಯಾಚೆ ಆ ಮೂಲೆಯಲ್ಲಿರುವ ನಿನ್ನಕ್ಕನನ್ನೊಮ್ಮೆ ಕೇಳು" ಎಂದಳು.

ಮೂಲೆಯಲ್ಲಿ ನಾಣ್ಯದಷ್ಟು ಅಗಲದ ಗಾಜಿನ ಹರಳೊಂದು ಹೊಳೆಯುತ್ತಿತ್ತು.

"ಅಕ್ಕಾ, ನೀನೆಷ್ಟು ಗಟ್ಟಿ!" ಬಿಲ್ಲೆ ಬೆರಗಾಯಿತು.

"ಹೌದು ತಮ್ಮಾ, ಮೇಜಿನಿಂದ ಬಿದ್ದರೂ ಒಡೆಯಲಿಲ್ಲ. ಮೊದಲು ನಿನ್ನಷ್ಟೇ ಅಗಲವಿದ್ದೆ. ಇನ್ನೂ ಕಾವು ಬೇಕೆಂದು ಹಟ ಹಿಡಿದೆ. ಒಳಗಿನ ಗಾಳಿಯೆಲ್ಲ ಹೋಗಿ, ಕುಗ್ಗಿ ಇಷ್ಟಾದೆ. ಮಾರನೆಯ ದಿನ ಎಂದಿನಂತೆ ಮಲ್ಲಿಗೆ ಹೊತ್ತು ಉರಿಯ ಮೇಲೆ ನಿಂತೆ."

"ಆಮೇಲೆ ಏನಾಯಿತು?"

"ನನಗೇನೂ ಆಗಲಿಲ್ಲ" ಎಂದಳು ಅಕ್ಕ. ಅವಳ ಹೊಳೆಯುವ ಬೆನ್ನ ಮೇಲೆ ಹೂವಿನ ಅಳತೆಯ ಕಪ್ಪು ಕಲೆಯೊಂದಿತ್ತು.

ಬಿಲ್ಲೆ ಆ ಕಲೆಯನ್ನೇ ನೋಡಿತು. ಆಮೇಲೆ ಅಜ್ಜಿಯತ್ತ ತಿರುಗಿ, "ಬಾಗಿಲು ತೆಗಿ ಅಜ್ಜಿ. ನನ್ನನ್ನು ಮೆಲ್ಲಗೆ ಇಳಿಸು, ಹೂ ನನಗಾಗಿ ಕಾಯುತ್ತಿರುತ್ತದೆ" ಎಂದಿತು.