ಬೆನ್ನಿಗೆ ಹರಳು ಹೊತ್ತ ತಟ್ಟೆ

"ಊರೂರು ತಿರುಗಿದೆ, ಗುರುಗಳೇ. ಯಾರನ್ನು ದೊಡ್ಡವರು ಅಂದರೋ ಅವರನ್ನೆಲ್ಲ ಹೋಗಿ ನೋಡಿ ಬಂದೆ. ಒಬ್ಬರಲ್ಲೂ ನನಗೇನೂ ಕಾಣಲಿಲ್ಲವಲ್ಲ, ಯಾಕೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ವಸ್ತುಸಂಗ್ರಹಾಲಯಕ್ಕೆ ಹಳೆಯ ಅರಮನೆಯೊಂದರಿಂದ ಚಿನ್ನದ ತಟ್ಟೆ ಬಂತು. ಅನ್ನ ಹಾಕುವ ಕಡೆ ಬರೀ ಬೋಳು. ಮಗುಚಿದರೆ ಬೆನ್ನ ತುಂಬ ಕೆಂಪು, ಹಸಿರು ಹರಳು. ಅಲ್ಲಿದ್ದ ವಿದ್ವಾಂಸನಿಗೆ ಅದೇ ತಲೆ ಕೊರೆಯತೊಡಗಿತು. ಉಣ್ಣುವವನ ಕಣ್ಣಿಗೆ ಬೀಳದ ಕಡೆ ಇಷ್ಟೊಂದು ಹರಳು ಯಾರಿಗಾಗಿ?

ನಿರ್ದೇಶಕರಿಗೆ ಅಷ್ಟು ತಾಳ್ಮೆಯಿರಲಿಲ್ಲ. "ಇದು ತಟ್ಟೆಯೇ ಅಲ್ಲ ಕಣಯ್ಯ, ಮುಚ್ಚಳ. ಮಗುಚಿಟ್ಟು, ಮುಚ್ಚಳ ಅಂತ ಬರೆದು ಹಾಕು. ಸಂಜೆಗೆ ಜನ ಬರುತ್ತಾರೆ" ಎಂದರು.

"ಮುಚ್ಚಳವಾದರೆ ಹಿಡಿ ಎಲ್ಲಿ ಸಾರ್? ಕಿತ್ತುಹೋದ ಗುರುತೂ ಇಲ್ಲ."

"ನಿನ್ನಂಥವನೊಬ್ಬ ಎಲ್ಲಿ, ಎಲ್ಲಿ ಅಂತ ತಡವಿ ತಡವಿ ಸವೆಸಿರಬೇಕು."

ವಿದ್ವಾಂಸ ಬರೆಯಲು ಚೀಟಿ ಮುಂದಿಟ್ಟುಕೊಂಡ. ಒಮ್ಮೆ ಹಾಗೆ ಬರೆದು ಗಾಜಿನ ಪೆಟ್ಟಿಗೆ ಮುಚ್ಚಿದರೆ ಆ ತಟ್ಟೆ ಎಂದೆಂದಿಗೂ ಮುಚ್ಚಳವೇ. ಆ ಸುಳ್ಳನ್ನು ಬರೆಯಬೇಕಾದವನು ತಾನೇ. ಕೈ ಏಳಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು. ಬುತ್ತಿ ಬಿಚ್ಚಿ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಕಾದು ಬೇಸತ್ತ ನಿರ್ದೇಶಕರು ತಾವೇ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿಕೊಂಡು ಅವನೆದುರಿಗೆ ಬಂದರು. ತುತ್ತು ಬಾಯಿಗಿಡುತ್ತಿದ್ದವನು ತಲೆಯೆತ್ತಿದ. ತಟ್ಟೆಯ ಬೆನ್ನಿನ ಹರಳುಗಳೆಲ್ಲ ಒಟ್ಟಿಗೇ ಹೊಳೆದವು.

"ಹಾಗೇ ನಿಲ್ಲಿ ಸಾರ್, ಇಳಿಸಬೇಡಿ!" ಎಂದು ಎಂಜಲು ಕೈಯನ್ನೇ ಎತ್ತಿ ಕೂಗಿದ.

ಅರಮನೆಯ ಊಟವೆಂದರೆ ನೆಲದ ಮೇಲಿನ ಪಂಕ್ತಿ. ಬಡಿಸುವವರು ತಟ್ಟೆಯನ್ನು ಎತ್ತಿ ಹಿಡಿದು ತರುತ್ತಿದ್ದರು. ಕೂತವರಿಗೆ ಮೊದಲು ಕಾಣುತ್ತಿದ್ದುದು ಅದರ ಬೆನ್ನೇ. ವಿದ್ವಾಂಸ ತಟ್ಟೆ ಎಂದೇ ಬರೆದ. ನಿರ್ದೇಶಕರು ಗೊಣಗುತ್ತಲೇ ಪೆಟ್ಟಿಗೆಯನ್ನು ಎತ್ತರಕ್ಕೇರಿಸಿ, ತಳಕ್ಕೂ ಗಾಜು ಹಾಕಿಸಿ, ಕೆಳಗೊಂದು ಚಾಪೆ ಹಾಸಿಸಿದರು.

ಕತೆ ಕೇಳಿದ ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ನಾನು ನಿಂತು ನೋಡಿಬಿಟ್ಟೆ. ಇನ್ನು ಹೋದ ಕಡೆಯೆಲ್ಲ ಕೆಳಗೆ ಕೂತು ನೋಡುತ್ತೇನೆ" ಎಂದ.

"ಅವನು ನೋಡಲೆಂದು ಕೂತಿರಲಿಲ್ಲವಪ್ಪಾ, ಹಸಿದು ಕೂತಿದ್ದ."